ಧಾರವಾಡಕ್ಕೂ ಮಿರಜಕ್ಕೂ ನಡುವೆ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಮನಸ್ಸಿನ ಬೇನೆಗೆ ಚಿಕಿತ್ಸೆ ದೊರೆತ ಬಗೆಯನ್ನು ಹುಡುಕುತ್ತ ಹೋದರೆ ಎದುರಾಗುವುದು ಹೆಚ್ಚಾಗಿ ದಾರಿಗಳ ಇತಿಹಾಸ. ಹುಚ್ಚು ಕೆರಳಿದವರನ್ನು ಧಾರವಾಡಕ್ಕೆ ಒಯ್ದರು. ಮೈಯ ಬೇನೆಯೋ ಮನಸ್ಸಿನ ಬೇನೆಯೋ ತಿಳಿಯದಾದಾಗ ಮಿರಜದ ದವಾಖಾನೆಗೆ ಒಯ್ದರು. ಗಾಳಿ ಸೋಂಕು, ಮಾಟ, ದೇವರ ಕಾಟ ಎಂಬ ಗುಮಾನಿ ಹುಟ್ಟಿದಾಗ ಚಿಂಚಲಿಯ ಮಾಯಕ್ಕನಿಗೋ ಕೊಕಟನೂರಿನ ಯಲ್ಲಮ್ಮನಿಗೋ ಹರಕೆ ಹೊತ್ತು ಬಂಡಿ ಕಟ್ಟಿದರು. ಮೂರು ದಾರಿಗಳಲ್ಲೂ ಒಂದು ಸಂಗತಿ ಸಮಾನ: ಬೇನೆಯವರು ಮನೆ ಬಿಟ್ಟು ಹೊರಡಬೇಕು, ಪರಿಹಾರ ಊರಾಚೆ ಎಲ್ಲೋ ಇದೆ. ಈ ಏರ್ಪಾಡು ಕೆಲವು ಬೇನೆಗಳಿಗೆ ಒಗ್ಗಿತು. ಆದರೆ ಆತಂಕ, ಗೀಳು, ಕಣ್ಣು-ಕತ್ತು-ಗಂಟಲು ತಾವಾಗಿ ಸೆಳೆಯುವ ಟಿಕ್ ತೊಂದರೆ, ಮಕ್ಕಳ ಆಟಿಸಂ ಇವುಗಳಿಗಾಗಿ ಕಳೆದ ನೂರು ವರ್ಷಗಳಲ್ಲಿ ರೂಪುಗೊಂಡ ವರ್ತನಾ ಚಿಕಿತ್ಸೆ ಅಂಜಿಕೆ ಎಲ್ಲಿ ಏಳುತ್ತದೋ ಅಲ್ಲೇ ನಡೆಯಬೇಕಾದ ವಿದ್ಯೆ. ಈ ಸೀಮೆಗೆ ಅದು ಬಾರದೆ ಉಳಿದದ್ದಕ್ಕೆ ಜನರ ಮೂಢನಂಬಿಕೆಯನ್ನು ಹೊಣೆ ಮಾಡುವುದು ವಾಡಿಕೆ. ರೋಗಿಯನ್ನು ಹೊರಗೆ ಒಯ್ಯುವುದಕ್ಕೆಂದೇ ಕಟ್ಟಿದ ಸಂಸ್ಥೆಗಳಲ್ಲಿ ಮನೆಯೊಳಗೆ ಬರುವ ವಿದ್ಯೆಗೆ ಜಾಗವೇ ಇರಲಿಲ್ಲ, ಕಾರಣವನ್ನು ಅಲ್ಲಿ ಹುಡುಕಬೇಕು ಎಂಬುದು ನನ್ನ ವಾದ.

ಮುಂಬಯಿ ಸರ್ಕಾರ ಧಾರವಾಡದಲ್ಲಿ ಹುಚ್ಚರ ಆಸ್ಪತ್ರೆ ತೆರೆದದ್ದು 1845ರಲ್ಲಿ. ಇಂದಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅದರ ಮುಂದುವರಿಕೆ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಚಿಕ್ಕೋಡಿ, ಅಥಣಿಯವರಿಗೆ ಸರ್ಕಾರಿ ಬಾಗಿಲೆಂದರೆ ಅದೇ. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. 1949ರಲ್ಲಿ ಸಂಸ್ಥಾನ ವಿಲೀನವಾದ ಮೇಲಷ್ಟೇ ಬೆಳಗಾವಿಯೊಂದಿಗೆ ಒಂದೇ ಆಡಳಿತಕ್ಕೆ ಬಂತು. ಆ ಬಾಗಿಲನ್ನು ದಾಟುವುದು ಹೇಗಿತ್ತು ಎಂಬುದನ್ನು ಕಾನೂನೇ ಹೇಳುತ್ತದೆ. 1858ರ ಹುಚ್ಚರ ಆಸ್ಪತ್ರೆಗಳ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಅಲೆಯುವ, ಇಲ್ಲವೇ ಅಪಾಯ ಮಾಡಬಹುದಾದ ವ್ಯಕ್ತಿಯನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಅವರು ಆಜ್ಞೆ ಬರೆದರೆ ಒಳಗೆ. 1912ರ ಕಾಯ್ದೆ ತಾನಾಗಿ ಬರುವವರಿಗೆ ಒಂದು ಸಣ್ಣ ಅವಕಾಶ ಕೊಟ್ಟಿತಾದರೂ ಚೌಕಟ್ಟು ಬದಲಾಗಲಿಲ್ಲ. ದಿನಕ್ಕೆ ನೂರು ಸಲ ಕೈ ತೊಳೆಯುವ ಹೆಂಗಸು ಯಾರಿಗೂ ಅಪಾಯ ಮಾಡುವುದಿಲ್ಲ. ಸಂತೆಯ ಗದ್ದಲದಲ್ಲಿ ಎದೆ ಹೊಡೆದುಕೊಂಡು ಮನೆಯಿಂದ ಹೊರಬೀಳದಾದ ಗಂಡಸು ಬೀದಿಯಲ್ಲಿ ಅಲೆಯುವುದಿಲ್ಲ. ಆದ್ದರಿಂದ ಅವರು ಸರ್ಕಾರದ ಕಣ್ಣಿಗೆ ಬೀಳಲಿಲ್ಲ. ಧಾರವಾಡದ ದಾಖಲೆಗಳಲ್ಲಿ ಅಂಥವರು ಕಾಣದಿರುವುದರಿಂದ ಆ ಬೇನೆಗಳೇ ಇರಲಿಲ್ಲ ಎಂದು ತೀರ್ಮಾನಿಸುವುದು ದೊಡ್ಡ ತಪ್ಪಾದೀತು. ಒಳಗೆ ಹೋದವರಿಗಾದರೂ ಜಾಗವೆಲ್ಲಿತ್ತು? ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ 1946ರ ಭೋರ್ ಸಮಿತಿ ಲೆಕ್ಕ ಹಾಕಿದಾಗ ಭಾರತದಲ್ಲಿ ಸುಮಾರು 40,000 ಜನರಿಗೆ ಮಾನಸಿಕ ಆಸ್ಪತ್ರೆಯ ಒಂದು ಹಾಸಿಗೆ ಇತ್ತು. ಇಂಗ್ಲೆಂಡಿನಲ್ಲಿ 300 ಜನರಿಗೆ ಒಂದು. ಅಷ್ಟು ಇಕ್ಕಟ್ಟಿನಲ್ಲಿ ಕಾವಲು ಕಾಯುವುದೇ ಚಿಕಿತ್ಸೆಯಾಯಿತು.

ಮಿರಜದ ಕಥೆ ಬೇರೆ, ಮತ್ತು ನನ್ನ ವಾದಕ್ಕೆ ಅದು ಹೆಚ್ಚು ಮುಖ್ಯ. ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ದಕ್ಷಿಣ ಮರಾಠಾ ರೈಲು ಮಿರಜದಿಂದ ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ಮಾರ್ಗವಾಗಿ ಬೆಳಗಾವಿಯತ್ತ ಇಳಿಯುತ್ತಿತ್ತು. ಕಾಗವಾಡದಿಂದ ಮಿರಜಕ್ಕೆ ಹದಿನೈದು ಕಿಲೋಮೀಟರಿನ ಆಸುಪಾಸು, ಬಂಡಿಯ ಹಾದಿ. ಹೀಗಾಗಿ ಕನ್ನಡ ಸೀಮೆಯ ರೈತರು, ನೇಕಾರರು, ಚಮ್ಮಾರರು ಕಣ್ಣಿನ ಪೊರೆ, ಕಲ್ಲು, ಗಡ್ಡೆ ಎಂದು ಅಲ್ಲಿಗೆ ಹೋದರು. ಈಗಲೂ ಅಥಣಿ-ಕಾಗವಾಡದ ಕಡೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ಬೆಳಗಾವಿಗಿಂತ ಮೊದಲು ನೆನಪಾಗುವುದು ಮಿರಜ. ಹೋದವರು ದೇವರನ್ನು ಬಿಡಲಿಲ್ಲ, ಹರಕೆಯನ್ನೂ ಬಿಡಲಿಲ್ಲ. ಕ್ರೈಸ್ತ ಮಿಷನರಿಯ ಕತ್ತಿಗೆ ಹೊಟ್ಟೆ ಒಡ್ಡಿದರು, ಗುಣವಾದ ಮೇಲೆ ಮಾಯಕ್ಕನಿಗೆ ಭಂಡಾರ ಹಾರಿಸಿದರು. ಹೊಸ ವಿದ್ಯೆ ಕೈಗೆ ಎಟುಕುವಷ್ಟು ಹತ್ತಿರವಿದ್ದು ಕಣ್ಣಿಗೆ ಕಾಣುವಂತೆ ಫಲ ಕೊಟ್ಟರೆ ನಂಬಿಕೆ ಅದಕ್ಕೆ ಅಡ್ಡ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಮಿರಜದ ಮಾದರಿ ಶಸ್ತ್ರಚಿಕಿತ್ಸೆಯದು: ಒಮ್ಮೆ ಹೋಗಿ, ಮಲಗಿ, ಗುಣವಾಗಿ ಮರಳುವುದು. ಮುಂದೆ ಮಿರಜ-ಸಾಂಗ್ಲಿಗಳಲ್ಲಿ ಮನೋವೈದ್ಯರು ನೆಲೆಯೂರಿದಾಗಲೂ ರೂಢಿಯಾದದ್ದು ಅದೇ ಮಾದರಿ. ಬಸ್ಸು ಹಿಡಿದು ಹೋಗಿ ಗುಳಿಗೆ ಬರೆಸಿಕೊಂಡು ಸಂಜೆಯ ಬಸ್ಸಿಗೆ ಹಿಂದಿರುಗುವುದು. ಗುಳಿಗೆಗೆ ಈ ದೂರ ಅಡ್ಡಿಯಾಗದು. ವಾರಕ್ಕೆರಡು ಸಲ, ತಿಂಗಳುಗಟ್ಟಲೆ, ಗಂಟೆಗಟ್ಟಲೆ ಕೂತು ಮಾಡಬೇಕಾದ ಕೆಲಸಕ್ಕೆ ಅಡ್ಡಿಯಾಗುತ್ತದೆ.

ಮೂರನೆಯದು ಗುಡಿಯ ದಾರಿ, ಗಾಳಿ-ಮಾಟ ಬಿಡಿಸುವ ದೇವಋಷಿಯ ದಾರಿ. ಇದನ್ನು ಕುರಿತು ಎರಡು ಅತಿಗಳಲ್ಲಿ ಮಾತಾಡುವುದು ಹೆಚ್ಚು: ಒಂದೋ ಎಲ್ಲ ವಂಚನೆ, ಇಲ್ಲವೇ ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು. ಸಾಕ್ಷ್ಯ ಎರಡನ್ನೂ ಒಪ್ಪುವುದಿಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ಉಳಿದಿದ್ದ 31 ಮಂದಿ ತೀವ್ರ ಮನೋರೋಗಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ವರದಿ ಪ್ರಕಟಿಸಿದರು. ಔಷಧವಿಲ್ಲದೆ, ಬರೀ ಆ ಆವರಣದ ಆಸರೆಯಲ್ಲಿ, ರೋಗಲಕ್ಷಣಗಳು ಐದರಲ್ಲೊಂದು ಪಾಲಿನಷ್ಟು ತಗ್ಗಿದ್ದವು. ಯಾರೂ ಅಟ್ಟದ, ಹೀಯಾಳಿಸದ, ಸಣ್ಣಪುಟ್ಟ ಸೇವೆಯಲ್ಲಿ ಕೈಜೋಡಿಸಲು ಬಿಡುವ ಜಾಗ ಮನಸ್ಸಿಗೆ ಒಳಿತು ಮಾಡುತ್ತದೆ; ಅದನ್ನು ಅಲ್ಲಗಳೆಯಲಾಗದು. ಆದರೆ ಅದೇ ತಮಿಳುನಾಡಿನ ಏರವಾಡಿಯಲ್ಲಿ, ದರ್ಗಾಕ್ಕೆ ಹರಕೆ ಹೊತ್ತು ಬಂದವರನ್ನು ಇರಿಸಿಕೊಂಡಿದ್ದ ಮನೆಯೊಂದರಲ್ಲಿ, 2001ರ ಆಗಸ್ಟ್ 6ರಂದು ಸರಪಳಿ ಬಿಗಿದಿದ್ದ 28 ಮಂದಿ ಬೆಂಕಿಯಲ್ಲಿ ಬೆಂದುಹೋದರು ಎಂಬುದನ್ನೂ ಮರೆಯಲಾಗದು. ಈ ಸೀಮೆಯದೇ ನಿದರ್ಶನ ಬೇಕೆಂದರೆ, ಹೆಣ್ಣುಮಗುವಿನ ತಲೆಗೂದಲು ಜಡೆಗಟ್ಟಿದರೆ ಅದು ಯಲ್ಲಮ್ಮನ ಕರೆ ಎಂದು ಓದಿ ಆ ಮಗುವನ್ನು ದೇವದಾಸಿಯಾಗಿ ಬಿಟ್ಟ ಊರುಗಳು ಅಥಣಿ, ರಾಯಬಾಗದ ಸುತ್ತ ಹಲವಿದ್ದವು. 1982ರಲ್ಲಿ ಕರ್ನಾಟಕ ಆ ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಬೇಕಾಯಿತು. ಮೈಯ ಒಂದು ಗುರುತಿಗೆ ತಪ್ಪು ಅರ್ಥ ಕಟ್ಟಿದರೆ ಮಗುವಿನ ಇಡೀ ಬಾಳು ಅದರ ಹಿಂದೆ ಹೋಗುತ್ತದೆ. ಗೀಳಿನ ವಿಷಯದಲ್ಲಿ ಹರಕೆಗೆ ಇನ್ನೂ ಒಂದು ತೊಡಕಿದೆ. ತಾಯತ ಕಟ್ಟಿಸಿಕೊಂಡಾಗ ಅಂಜಿಕೆ ಇಳಿಯುತ್ತದೆ, ಎರಡು ದಿನಕ್ಕೆ ಮತ್ತೆ ಏರುತ್ತದೆ, ಮತ್ತೊಂದು ತಾಯತ ಬೇಕಾಗುತ್ತದೆ. ತೊಳೆದ ಕೈಯನ್ನು ಮತ್ತೆ ತೊಳೆಯುವುದೂ ಇದೇ ಜಾಡಿನಲ್ಲಿ ನಡೆಯುತ್ತದೆ. ತತ್ಕಾಲದ ನೆಮ್ಮದಿಯೇ ಬೇನೆಯನ್ನು ಪೋಷಿಸುತ್ತದೆ.

ವರ್ತನಾ ಚಿಕಿತ್ಸೆಯ ಬುಡದಲ್ಲಿರುವುದು ಈ ಒಂದು ಕಾಣ್ಕೆ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಮೊಲಕ್ಕೆ ಹೆದರುತ್ತಿದ್ದ ಒಬ್ಬ ಪುಟ್ಟ ಹುಡುಗನ ಬಳಿಗೆ, ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ, ಮೊಲವನ್ನು ದಿನದಿನವೂ ಸ್ವಲ್ಪಸ್ವಲ್ಪ ಹತ್ತಿರ ತಂದು ಅವನ ಭಯ ಬಿಡಿಸಿದರು. 1958ರಲ್ಲಿ ಜೋಸೆಫ್ ವೋಲ್ಪೆ ಇದನ್ನು ದೊಡ್ಡವರ ಆತಂಕಕ್ಕೆ ಕ್ರಮಬದ್ಧವಾಗಿ ಅಳವಡಿಸಿ ಪುಸ್ತಕ ಬರೆದರು. ಗೀಳು ಮಾತ್ರ ಯಾವುದಕ್ಕೂ ಬಗ್ಗಿರಲಿಲ್ಲ. 1966ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವಿಕ್ಟರ್ ಮೇಯರ್ ಇಬ್ಬರು ರೋಗಿಗಳ ವರದಿ ಪ್ರಕಟಿಸಿದರು. ರೋಗಿ ಯಾವುದನ್ನು ಮೈಲಿಗೆ, ಅಪಾಯ ಎಂದು ದೂರವಿಡುತ್ತಾರೋ ಅದನ್ನು ಮುಟ್ಟಿಸುವುದು. ಮುಟ್ಟಿದ ಮೇಲೆ ತೊಳೆಯದಂತೆ, ಮತ್ತೆ ಮತ್ತೆ ಮಾಡದಂತೆ ತಡೆಯುವುದು. ಎಚ್ಚರವಿರುವಷ್ಟು ಹೊತ್ತೂ ದಾದಿಯರು ಪಕ್ಕದಲ್ಲಿದ್ದರು, ಕೋಣೆಯ ನಲ್ಲಿಯ ನೀರನ್ನೇ ನಿಲ್ಲಿಸಿದ್ದರು. ಭಯ ಏರಿತು, ತುತ್ತತುದಿ ಮುಟ್ಟಿತು, ಯಾರೂ ಏನೂ ಮಾಡದೆಯೇ ಇಳಿಯಿತು. ತಾನಾಗಿ ಇಳಿಯುತ್ತದೆ ಎಂಬುದನ್ನು ಮೈ ಕಲಿತುಕೊಂಡಿತು. ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ನಂತರ ನಡೆದದ್ದು. ಆಸ್ಪತ್ರೆಯಲ್ಲಿ ಗುಣವಾದ ಭಯ ಮನೆಯ ಬಚ್ಚಲಿಗೆ ಮರಳಿದೊಡನೆ ಮತ್ತೆ ಕಾದಿರುತ್ತದೆ ಎಂಬುದು ಬೇಗ ಗೊತ್ತಾಯಿತು. ಬೆಂಕಿಯ ಅನುಮಾನ ಏಳುವುದು ಅಡುಗೆಮನೆಯ ಗ್ಯಾಸಿನ ಮುಂದೆ, ಮೋಟಾರು ಆರಿಸಿದೆನೋ ಇಲ್ಲವೋ ಎಂಬ ಗುಮಾನಿ ಎಳೆಯುವುದು ಕಬ್ಬಿನ ಗದ್ದೆಯ ಸ್ಟಾರ್ಟರಿನ ಕಡೆಗೆ, ಬೆಂಗಳೂರಿನ ಆಸ್ಪತ್ರೆಯ ಕೋಣೆಯಲ್ಲಿ ಎರಡೂ ಇಲ್ಲ. ಆದ್ದರಿಂದ ಚಿಕಿತ್ಸೆ ಮನೆಗೆ ನಡೆಯಿತು. ಅಷ್ಟು ಮನೆಗಳಿಗೆ ಹೋಗಲು ವೈದ್ಯರು ಸಾಲದೆಂದು ಮನೋವೈದ್ಯ ಐಸಾಕ್ ಮಾರ್ಕ್ಸ್ 1972ರಿಂದ ಲಂಡನ್ನಿನಲ್ಲಿ ದಾದಿಯರಿಗೇ ಈ ವಿದ್ಯೆ ಕಲಿಸತೊಡಗಿದರು. ಸಿರಿವಂತ ದೇಶದ ದೊಡ್ಡ ಆಸ್ಪತ್ರೆಯೇ ಐವತ್ತು ವರ್ಷಗಳ ಹಿಂದೆ ಈ ತೀರ್ಮಾನಕ್ಕೆ ಬಂದಿತ್ತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಗಂಭೀರವಾದದ್ದು. ಮಡಿ, ಮೈಲಿಗೆ, ವ್ರತ, ನಿಯಮಗಳಲ್ಲಿ ಬಾಳುವ ಜನರಿಗೆ ಮುಟ್ಟಿ ತೊಳೆಯಬೇಡ ಎನ್ನುವ ಚಿಕಿತ್ಸೆ ಧರ್ಮದ ಮೇಲೆ ಕೈಹಾಕಿದಂತಾಗದೆ? ಈ ಐದು ತಾಲ್ಲೂಕುಗಳಲ್ಲಿ ಜೈನ ಮನೆತನಗಳು ದೊಡ್ಡ ಸಂಖ್ಯೆಯಲ್ಲಿವೆ. ಸೋಸಿದ ನೀರು, ಹೊತ್ತು ಮುಳುಗುವ ಮೊದಲು ಊಟ ಅವರಿಗೆ ದಿನದ ಬದುಕು. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಹೊಸ ಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು ನಿಪ್ಪಾಣಿ ಬಳಿಯ ಭೋಜ ಗ್ರಾಮದವರು. ಅಥಣಿಯ ಗಚ್ಚಿನ ಮಠದ ಮುರುಘೇಂದ್ರ ಶಿವಯೋಗಿಗಳು ತೀರಾ ಕಟ್ಟುನಿಟ್ಟಿನ ಶಿವಪೂಜೆಗೆ ಹೆಸರಾದವರು. ಕಟ್ಟುನಿಟ್ಟನ್ನೇ ರೋಗವೆನ್ನುವುದಾದರೆ ಈ ಸೀಮೆಯ ಅತ್ಯುತ್ತಮರನ್ನೆಲ್ಲ ರೋಗಿಗಳೆನ್ನಬೇಕಾದೀತು, ಅದು ಅವಿವೇಕ. ವ್ರತಕ್ಕೆ ಎಣಿಕೆಯಿದೆ, ಮುಗಿತಾಯವಿದೆ. ಒಂದು ಸ್ನಾನ ಎಂದರೆ ಒಂದು ಸ್ನಾನ; ಮುಗಿದ ಮೇಲೆ ಮನಸ್ಸು ಹಗುರಾಗುತ್ತದೆ. ಗೀಳಿನಲ್ಲಿ ಹತ್ತನೆಯ ಸ್ನಾನ ಹನ್ನೊಂದನೆಯದನ್ನು ಕರೆಯುತ್ತದೆ, ದೇವರ ಮುಂದೆ ನಿಂತಷ್ಟೂ ಪಾಪದ ಅಂಜಿಕೆ ಹೆಚ್ಚುತ್ತದೆ, ಪೂಜೆಯೇ ನಡೆಯದಾಗುತ್ತದೆ. ಕೆಲಸ ಬಲ್ಲ ಚಿಕಿತ್ಸಕರು ಯಾರ ವ್ರತವನ್ನೂ ಮುರಿಯಲು ಹೇಳುವುದಿಲ್ಲ. ಆ ಸಮುದಾಯದ ಹಿರಿಯರೇ ಇಷ್ಟು ಸಾಕು ಎಂದು ಒಪ್ಪುವ ಅಳತೆಗೆ ರೋಗಿ ಮರಳಿ ಬಂದರೆ ಅವರಿಗೆ ತೃಪ್ತಿ. ಕೃಷ್ಣೆಯ ಭಯಕ್ಕೂ ಇದೇ ವಿವೇಚನೆ ಸಲ್ಲುತ್ತದೆ. 2005, 2019, 2021ರ ಹೊಳೆ ಕಂಡವರು ಕೊಯ್ನಾ ಜಲಾಶಯದಿಂದ ನೀರು ಬಿಟ್ಟ ಸುದ್ದಿಗೆ ಬೆಚ್ಚಿದರೆ ಅದು ಬುದ್ಧಿವಂತಿಕೆ. ಬೇಸಿಗೆಯಲ್ಲೂ ನದಿಯ ಸದ್ದು ಕಿವಿಯಲ್ಲಿ ನಿಂತು ಮಗುವನ್ನು ಶಾಲೆಗೆ ಕಳಿಸದಂತಾದರೆ ಆಗ ನೆರವು ಬೇಕು.

ಇನ್ನು ಕನ್ನಡ ನಾಡಿನಲ್ಲಿ ಈ ವಿದ್ಯೆ ಎಲ್ಲಿತ್ತು? ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು, ಮರುವರ್ಷವೇ ಚಿಕಿತ್ಸಾ ಮನಃಶಾಸ್ತ್ರದ ತರಬೇತಿ ಆರಂಭವಾಯಿತು, 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್ಕು ಅಲ್ಲಿದೆ. ಆದರೆ ಚಿಕ್ಕೋಡಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ಈ ವಿದ್ಯೆ ಅದೇ ಭಾಷೆಯಲ್ಲಿ, ಬೇರೆ ಸರ್ಕಾರದಲ್ಲಿ ಬೆಳೆಯುತ್ತಿತ್ತು. ಆಮೇಲೂ ಐದುನೂರು ಕಿಲೋಮೀಟರಿಗೆ ಮಿಕ್ಕಿದ ದೂರದಲ್ಲಿ ಉಳಿಯಿತು. ಈ ದೂರವನ್ನು ಮುರಿಯುವ ನಿಜವಾದ ಯತ್ನ ಕರ್ನಾಟಕದಲ್ಲೇ ನಡೆಯಿತು ಎಂಬುದನ್ನು ಹೆಮ್ಮೆಯಿಂದ ಹೇಳಬೇಕು. ನಿಮ್ಹಾನ್ಸ್ ಮೊದಲು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ, ಆಮೇಲೆ 1980ರ ದಶಕದಲ್ಲಿ ಇಡೀ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸಿ ಉಪಚರಿಸಲು ಕಲಿಸಿತು. 1996ರಲ್ಲಿ ಕೇಂದ್ರ ಸರ್ಕಾರ ತಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆದರೆ ಆ ಮಾದರಿಯ ಮೊದಲ ಆದ್ಯತೆ ತೀವ್ರ ಮನೋರೋಗ ಮತ್ತು ಮೂರ್ಛೆರೋಗ, ಅದರ ಮುಖ್ಯ ಸಾಧನ ಗುಳಿಗೆ. ಕಡಿಮೆ ಕೈಗಳಲ್ಲಿ ಹೆಚ್ಚು ಜೀವ ಉಳಿಸಬೇಕಿದ್ದಾಗ ಅದು ಸರಿಯಾದ ಆಯ್ಕೆಯೇ. 2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ಎಂಬ ಹೆಸರಿನಲ್ಲಿ, ಗೊತ್ತುಪಡಿಸಿದ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಮಾಡಿದಾಗ ದೂರ ಮತ್ತಷ್ಟು ಕಡಿಮೆಯಾಯಿತು. ಆದರೂ ಸಾಲಿನಲ್ಲಿ ಹತ್ತಾರು ಜನ ಕಾದಿರುವ ಮಂಗಳವಾರದಲ್ಲಿ ಗೀಳಿನ ರೋಗಿಯೊಬ್ಬರೊಂದಿಗೆ ಒಂದೂವರೆ ಗಂಟೆ ಕೂರುವುದು ಯಾವ ವೈದ್ಯರಿಗೂ ಸಾಧ್ಯವಿಲ್ಲ, ಅದೂ ಹದಿನೈದು-ಇಪ್ಪತ್ತು ಬಾರಿ.

ಗುಳಿಗೆಯಿಂದಲೇ ಆಗುವುದಾದರೆ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಗೀಳಿಗೆ, ಆತಂಕಕ್ಕೆ ಔಷಧ ನಿಜಕ್ಕೂ ಕೆಲಸ ಮಾಡುತ್ತದೆ. ಎಷ್ಟೋ ಜನರಿಗೆ ಅದೇ ಮೊದಲ ಆಸರೆ. ಆದರೆ 2005ರಲ್ಲಿ ಎಡ್ನಾ ಫೋವಾ ಮತ್ತು ಸಂಗಡಿಗರು 122 ರೋಗಿಗಳಲ್ಲಿ ನಡೆಸಿದ ತುಲನೆಯಲ್ಲಿ ಮೇಯರರ ಮಾದರಿಯ ಚಿಕಿತ್ಸೆ ಕ್ಲೋಮಿಪ್ರಮಿನ್ ಎಂಬ ಗುಳಿಗೆಗಿಂತ ಹೆಚ್ಚು ಫಲ ಕೊಟ್ಟಿತು. ಗುಳಿಗೆ ಮಾತ್ರ ಸಿಗುವ ಊರಿನಲ್ಲಿ ರೋಗಿಗೆ ಅರ್ಧ ಚಿಕಿತ್ಸೆ ಸಿಕ್ಕಂತೆ. ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದು: ಮನಃಶಾಸ್ತ್ರದಲ್ಲಿ ಪದವಿಯಿಲ್ಲದವರ ಕೈಗೆ ಮನಸ್ಸನ್ನು ಕೊಡುವುದು ಅಪಾಯವಲ್ಲವೆ? ನೆರೆಯ ಗೋವಾ ಇದಕ್ಕೆ ಉತ್ತರ ಕೊಟ್ಟಿದೆ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಅಲ್ಲಿ 24 ಆರೋಗ್ಯ ಕೇಂದ್ರಗಳಲ್ಲಿ ನಡೆಸಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು; ತರಬೇತಿ ಪಡೆದ ಸ್ಥಳೀಯರು ಆತಂಕ-ಖಿನ್ನತೆಗಳಿಗೆ ಆಸರೆ ಕೊಟ್ಟಾಗ ಸರ್ಕಾರಿ ಕೇಂದ್ರಗಳಲ್ಲಿ ಚೇತರಿಕೆ ಹೆಚ್ಚಿತು, ಖಾಸಗಿ ಕ್ಲಿನಿಕ್ಕುಗಳಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ವರದಿಯಾದ ಮತ್ತೊಂದು ಪ್ರಯೋಗದಲ್ಲಿ ಅಂಥವರೇ ಆರೆಂಟು ಭೇಟಿಗಳಲ್ಲಿ ವರ್ತನಾ ವಿಧಾನದಿಂದ ತೀವ್ರ ಖಿನ್ನತೆಯನ್ನು ತಗ್ಗಿಸಿದರು. ಆಕ್ಷೇಪದಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಗೀಳಿನ ಚಿಕಿತ್ಸೆ ಖಿನ್ನತೆಯದಕ್ಕಿಂತ ಸೂಕ್ಷ್ಮ. ಅವಸರದಲ್ಲಿ, ಒಪ್ಪಿಗೆಯಿಲ್ಲದೆ ಮುಟ್ಟಿಸಹೋದರೆ ಭಯ ಇನ್ನಷ್ಟು ಬೇರೂರುತ್ತದೆ. ಮೇಲೆ ನಿಂತು ನೋಡುವ ತಜ್ಞರು ಬೇಕೇಬೇಕು. ಆದರೆ ಆ ತಜ್ಞರು ಧಾರವಾಡದಲ್ಲಿ, ಬೆಳಗಾವಿಯಲ್ಲಿ ಇದ್ದುಕೊಂಡೇ ವಾರಕ್ಕೊಮ್ಮೆ ಫೋನಿನಲ್ಲಿ ತಿದ್ದಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದಾದ ಕಾಲವಿದು. ಎರಡೂ ಭಾಷೆ ಬೆರೆತ ನಿಪ್ಪಾಣಿ, ಕಾಗವಾಡಗಳಲ್ಲಿ ಅದು ಸಣ್ಣ ಮಾತಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ಟಿಕ್ ಮತ್ತು ಆಟಿಸಂಗಳನ್ನು ಒಂದೇ ಚೀಲದಲ್ಲಿ ಹಾಕಬಾರದು. ಕಣ್ಣು ಮಿಟುಕಿಸುವ, ಕತ್ತು ಕೊಡವುವ, ಗಂಟಲಲ್ಲಿ ಸದ್ದು ಮಾಡುವ ಹುಡುಗನಿಗೆ ತರಗತಿಯಲ್ಲಿ ಸಿಗುವುದು ಏಟು, ಮನೆಯಲ್ಲಿ ಸಿಗುವುದು ಗದರಿಕೆ. ಎರಡರಿಂದಲೂ ಟಿಕ್ ಹೆಚ್ಚುತ್ತದೆ. 1973ರಲ್ಲಿ ಅಜ್ರಿನ್ ಮತ್ತು ನನ್ ರೂಪಿಸಿದ ವಿಧಾನದಲ್ಲಿ ಮಗು ಸೆಳೆತ ಬರುವ ಮುನ್ಸೂಚನೆಯನ್ನು ತಾನೇ ಗುರುತಿಸಿ, ಅದರ ಜೊತೆ ನಡೆಯಲಾಗದ ಬೇರೊಂದು ಮೆಲುವಾದ ಚಲನೆಯನ್ನು ಮಾಡುತ್ತದೆ. 2010ರಲ್ಲಿ 126 ಮಕ್ಕಳ ಮೇಲೆ ನಡೆದ ಅಮೆರಿಕದ ಪ್ರಯೋಗದಲ್ಲಿ ಹತ್ತು ವಾರಗಳಲ್ಲಿ ಎಂಟು ಭೇಟಿಗಳು ಸಾಕಾದವು. ಆಟಿಸಂ ಬೇರೆ. ಅಲ್ಲಿ ವರ್ತನಾ ಚಿಕಿತ್ಸೆಯ ಇತಿಹಾಸಕ್ಕೆ ಕಳಂಕವಿದೆ. ಅಮೆರಿಕದ ಮನಃಶಾಸ್ತ್ರಜ್ಞ ಲೋವಾಸ್ 1987ರಲ್ಲಿ ವಾರಕ್ಕೆ 40 ಗಂಟೆಗಳ ಕಲಿಕೆಯಿಂದ 19 ಮಕ್ಕಳಲ್ಲಿ 9 ಮಂದಿ ಉಳಿದ ಮಕ್ಕಳಂತಾದರು ಎಂದು ಘೋಷಿಸಿದರು. ಅದೇ ಪ್ರಯೋಗಾಲಯದಲ್ಲಿ ಏಟು, ಅದಕ್ಕೂ ಮೊದಲು ವಿದ್ಯುತ್ ಆಘಾತ ಬಳಕೆಯಾಗಿದ್ದವು. ಆಟಿಸಂ ಇರುವ ದೊಡ್ಡವರು ಇಂದು ತಮ್ಮ ಬಾಲ್ಯದ ಆ ಕಲಿಕೆಯನ್ನು ಹಿಂಸೆ ಎಂದು ಕರೆಯುವಾಗ ಅವರ ಮಾತೇ ಮೊದಲ ಸಾಕ್ಷ್ಯ. ಕೈ ಬೀಸುವ, ತೂಗಾಡುವ ಮಗುವನ್ನು ಹಾಗೆ ಮಾಡದಂತೆ ಪಳಗಿಸುವುದು ಚಿಕಿತ್ಸೆಯಲ್ಲ. ಮನೆಗೆ ಬರುವ ವಿದ್ಯೆ ಬೇಕೆಂಬ ನನ್ನ ವಾದಕ್ಕೆ ಇಲ್ಲೇ ಒಂದು ಮಿತಿಯೂ ಸಿಗುತ್ತದೆ: ತಪ್ಪು ವಿದ್ಯೆ ಮನೆಗೆ ಬಂದರೆ ತಾಯಿಯೇ ಕಾವಲುಗಾರಳಾಗುತ್ತಾಳೆ, ಮಗುವಿಗೆ ತಪ್ಪಿಸಿಕೊಳ್ಳುವ ಮೂಲೆಯೂ ಉಳಿಯದು. ಇದಕ್ಕೂ ಗೋವಾದ ಕಡೆಗೇ ನೋಡಬೇಕು. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಒಟ್ಟಿಗೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ಮನೆಗಳಿಗೆ ಹೋಗಿ, ಮಗುವಿನೊಂದಿಗೆ ಆಡುವ ತಾಯ್ತಂದೆಯರ ರೀತಿಯನ್ನು ತಿದ್ದಿದರು. ಮಗು ಏನು ನೋಡುತ್ತಿದೆ, ಏನು ಹೇಳಬಯಸುತ್ತಿದೆ ಎಂದು ಕಾದು ಗಮನಿಸುವುದನ್ನು ಕಲಿಸಿದರು. ಬದಲಾಗಬೇಕಾದವರು ದೊಡ್ಡವರು ಎಂಬ ನಿಲುವು ಅದರದು, ಮಕ್ಕಳೂ ತಾವಾಗಿ ಹೆಚ್ಚು ಮಾತು ಶುರುಮಾಡಿದರು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಹೆಸರಿಸಿ ಸೇರಿಸಿಕೊಂಡಿದೆ. ಬೆಳಗಾವಿ ಕಂದಾಯ ಜಿಲ್ಲೆಯೊಳಗೆ ಚಿಕ್ಕೋಡಿ ತನ್ನದೇ ಶೈಕ್ಷಣಿಕ ಜಿಲ್ಲೆ. ಕರ್ನಾಟಕದ ಶಿಕ್ಷಣ ಇಲಾಖೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ತಾಲ್ಲೂಕು ಮಟ್ಟದಲ್ಲಿ ಸಂಪನ್ಮೂಲ ಶಿಕ್ಷಕರನ್ನು ಇಟ್ಟಿದೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವ ಗೃಹಾಧಾರಿತ ಶಿಕ್ಷಣವೂ ಅದರ ಕೆಲಸದಲ್ಲಿ ಸೇರಿದೆ. ರೋಗಿಯನ್ನು ಹೊರಗೆ ಒಯ್ಯದೆ ತಾನೇ ಹೊಸ್ತಿಲು ದಾಟುವ ಸರ್ಕಾರಿ ಹುದ್ದೆ ಈ ಸೀಮೆಯ ಇತಿಹಾಸದಲ್ಲಿ ಅಪರೂಪ. ಧಾರವಾಡದ ಡಿಮ್ಹಾನ್ಸ್ ಆ ಶಿಕ್ಷಕರಿಗೂ ಆಶಾ ಕಾರ್ಯಕರ್ತೆಯರಿಗೂ ಟಿಕ್‌ನ ಎಂಟು ಭೇಟಿಗಳ ಪಾಠವನ್ನು, ಗೋವಾದ ತಾಯ್ತಂದೆಯರ ಪಾಠವನ್ನು ಕಲಿಸಿ, ಮುಂದೆಯೂ ತಿಂಗಳು ತಿಂಗಳು ತಿದ್ದುತ್ತ ಹೋದರೆ 1845ರಿಂದ ಒಂದೇ ದಿಕ್ಕಿಗೆ ನಡೆದ ಸಂಚಾರ ಮೊದಲ ಬಾರಿಗೆ ಇತ್ತ ತಿರುಗಬಹುದು. ಅದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ, ತರಬೇತಿಯ ಆದೇಶ ಮತ್ತು ಪ್ರಯಾಣ ಭತ್ಯೆ ಬೇಕು.